ಹಗ್ಗ ಹಿಡಿಯುವವನು

ಮೀನು ಹಸನು ಮಾಡುವವರಿಗೆಲ್ಲ ಮೊದಲ ಪಾಠ ಒಂದೇ:
ಪಿತ್ತ ಒಡೆಯಬಾರದು.
ಕ್ಲಾಕ್ಸ್‌ವೀಕಿನ ಕಾರ್ಖಾನೆಯಲ್ಲಿ, ಹದಿನೇಳರ ನನಗೆ,
ಮುದುಕಿ ಸಾನ್ನಾ ಕೈಹಿಡಿದು ತೋರಿಸಿದ್ದಳು
ಯಕೃತ್ತಿನ ಮಡಿಲಲ್ಲಿ ಆತುಕೊಂಡ ಹಸಿರು ಚೀಲ.
ಚಾಕುವಿನ ಮೊನೆ ತಾಗಿದರೆ ಸಾಕು,
ಇಡೀ ಮೀನು ಕಹಿ.
"ದಾರಿಯಲ್ಲಿದ್ದರೆ ಅದು ಒಳ್ಳೆಯದೇ, ಹುಡುಗಿ.
ದಾರಿ ತಪ್ಪಿದರೆ ನೋಡು."

ಟೂರಿ, ನನ್ನ ಅವಳಿ,
ನನಗಿಂತ ಹನ್ನೊಂದು ನಿಮಿಷ ಹಿರಿಯಳು.
ಒಂದೇ ಹೊಟ್ಟೆ, ಒಂದೇ ತತ್ತಿ, ಒಂದೇ ಹಲ್ಲುಸಂದಿ.
ಶಾಲೆಯಲ್ಲಿ ಅವಳ ತಪ್ಪಿಗೆ ಮೂಲೆಯಲ್ಲಿ ನಿಂತವಳು ನಾನು.
ಇಪ್ಪತ್ತನಾಲ್ಕಕ್ಕೆ ಅವಳ ಮಲದಲ್ಲಿ ರಕ್ತ ಕಂಡಿತು.
ನನಗೆ ಕಾಣಲಿಲ್ಲ.

ಈ ಫೇರೋ ದ್ವೀಪಗಳಲ್ಲಿ ಇದೇನು ಹೊಸತಲ್ಲ:
ಬೀದಿಗೊಂದು ದೋಣಿ ಇದ್ದ ಹಾಗೆ
ಬೀದಿಗೊಂದು ಉರಿಯುವ ಕರುಳು.
ಕೆಲವೇ ಮನೆತನ ಗಾಳಿಗೆ ಸಿಕ್ಕಿ ಬಂದಿಳಿದು
ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಮದುವೆಯಾದ ನೆಲ.
ಅಜ್ಜಿಯ ಮೂಗು, ಮುತ್ತಜ್ಜನ ಸಿಟ್ಟು,
ಚರ್ಚಿನ ಪುಸ್ತಕದಲ್ಲಿ ಯಾರೂ ಬರೆದಿಡದ
ಯಾರದೋ ಒಂದು ಅಕ್ಷರದೋಷ,
ಎಲ್ಲ ಕರುಳಬಳ್ಳಿ ಹಿಡಿದು ಇಳಿದು ಬರುತ್ತವೆ.

ಟೋರ್ಸ್‌ಹಾವ್ನ್ ಆಸ್ಪತ್ರೆಯಲ್ಲಿ ಡಾಕ್ಟರ್ ಎಲ್ಸ್ಪಾ
ಕಾಫಿಯ ಕಲೆ ಬಿದ್ದ ಕಾಗದದ ಮೇಲೆ ಕರುಳು ಬರೆದಳು.
ಪಿತ್ತ ನೆತ್ತಿಗೇರುವುದು ಎಲ್ಲರಿಗೂ ಗೊತ್ತು,
ಇಳಿದು ಎಲ್ಲಿಗೆ ಹೋಗುತ್ತದೆಂದು ಯಾರು ಕೇಳಿದ್ದಾರೆ?
ಯಕೃತ್ತು ಬಿಟ್ಟು, ಕೊಬ್ಬು ಕರಗಿಸಿ,
ಸಣ್ಣ ಕರುಳಿನ ಕೊನೆಯ ತಿರುವಿನಲ್ಲಿ ಇಳಿದು
ರಕ್ತ ಹತ್ತಿ ಮನೆಗೆ ಮರಳುತ್ತದಂತೆ,
ದಿನಕ್ಕೆ ಆರೇಳು ಸಲ.
ಆ ತಿರುವಿನಲ್ಲಿ ಒಬ್ಬ ಗ್ರಾಹಕ ಕೂತಿರುತ್ತಾನೆ.
ಹೆಸರು ಎಫ್‌ಎಕ್ಸ್‌ಆರ್.
ಗ್ರಾಹಕನೆಂದರೂ ಕೊಳ್ಳಲು ಬಂದವನಲ್ಲ;
ಪಿತ್ತವನ್ನು ಮುಟ್ಟಿ, ಗುರುತು ಹಿಡಿದು,
ಯಕೃತ್ತಿಗೆ ಹೇಳಿ ಕಳಿಸುವವನು: ಬಂತು, ಇನ್ನು ಒಲೆ ಆರಿಸು.
ಕರುಳಿನ ಗೋಡೆಗೆ ಹೇಳುವವನು: ಕದ ಹಾಕಿಕೋ, ಕೆರಳಬೇಡ.

ನನಗೆ ಅಪ್ಪ ನೆನಪಾದ.
ನಲವತ್ತು ವರ್ಷ ಕಟ್ಟೆಯ ಮೇಲೆ ನಿಂತು
ಫೆರ್ರಿ ಎಸೆದ ಹಗ್ಗ ಹಿಡಿದವನು.
ಹಿಡಿದು, ಗೂಟಕ್ಕೆ ಸುತ್ತಿ, ಕೈಯೆತ್ತಿ "ಬಂತು" ಅನ್ನುವವನು.
ಅವನು ಜ್ವರದಲ್ಲಿ ಮಲಗಿದ ದಿನ
ಹಡಗು ಕಟ್ಟೆಗೆ ಉಜ್ಜಿ ಬಣ್ಣ ಕಿತ್ತುಕೊಂಡಿತ್ತು.

ಟೂರಿಯ ಕಟ್ಟೆಯನ್ನೇ ಕತ್ತರಿಸಿ ತೆಗೆದರು, ನಲವತ್ತು ಸೆಂಟಿಮೀಟರ್.
ಈಗ ಹಡಗು ನಿಲ್ಲದೆ ದೊಡ್ಡ ಕರುಳಿಗೆ ನುಗ್ಗುತ್ತದೆ.
ಯಾರ ಮನೆಗೆ ಹೋದರೂ ಮೊದಲು ಕಕ್ಕಸಿನ ಬಾಗಿಲು ಹುಡುಕುತ್ತಾಳೆ,
ಕಿತ್ತಳೆ ವಾಸನೆಯ ಪುಡಿಯನ್ನು ನೀರಿಗೆ ಕಲಕಿ
ಮರಳು ಕುಡಿದಂತೆ ಕುಡಿಯುತ್ತಾಳೆ.
ನಾನು ಎದುರಿಗೆ ಕೂತು
ಗಾಳಿಗೆ ಒಣಗಿಸಿದ ಕುರಿಮಾಂಸ ತಿನ್ನುತ್ತೇನೆ.

ನನ್ನ ರಕ್ತವನ್ನೂ ತೆಗೆದರು, ಹೋಲಿಸಲು.
ಮಾರ್ಚ್‌ನಲ್ಲಿ ಪತ್ರ ಬಂತು:
ಅದೇ ಜೀನು, ಅದೇ ಜಾಗ, ಅದೇ ಅಕ್ಷರ ಬದಲು.
ಇಬ್ಬರಲ್ಲೂ.
"ಹಾಗಾದರೆ ನನಗ್ಯಾಕೆ ಇಲ್ಲ?"
ಎಲ್ಸ್ಪಾ ಕನ್ನಡಕ ಒರೆಸಿದಳು.
ಒಳಗಿನ ಸೂಕ್ಷ್ಮಾಣುಗಳ ಸಂತೆ ಬೇರೆ ಇರಬಹುದು,
ಟೂರಿ ಸೇದಿದ ಸಿಗರೇಟು ಇರಬಹುದು,
ಯಾವುದೋ ಮರೆತ ಜ್ವರ. ಯಾವುದೂ ಅಲ್ಲದೆಯೂ ಇರಬಹುದು.
ಅಕ್ಷರ ಸಿಕ್ಕಿದೆ, ಓದಲು ಇನ್ನೂ ಬರುವುದಿಲ್ಲ, ಅಂದಳು.

ಮರಳುವಾಗ, ಕಡಲಡಿಯ ಸುರಂಗದಲ್ಲಿ, ಟೂರಿ:
"ನಿನ್ನದೂ ಕೆಟ್ಟಿರಲಿ ಅಂತ ಆಸೆಯಿತ್ತಾ ನಿನಗೆ?"
"ಹೂಂ."
"ನನಗೂ."
ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು.
ನಾನು ನಿಲ್ಲಿಸಿದ ಮೇಲೂ ಅವಳು ಹಿಡಿದೇ ಇದ್ದಳು.
ನೀರಿನ ಅಡಿಯಲ್ಲಿ ಗಾಡಿ ನಿಲ್ಲಿಸುವುದೆಲ್ಲಿ?
ಜೋರಾಗಿ ಓಡಿಸಿದೆ.

ಇವತ್ತು ಬೆಳಿಗ್ಗೆ ಚಾಕು ಜಾರಿತು.
ಇಷ್ಟು ವರ್ಷಗಳಲ್ಲಿ ಮೊದಲ ಸಲ.
ಕೈಗವಸು ಕಳಚಿ ಬೆರಳ ಮೇಲಿನ ಹಸಿರು ಹನಿ ನೆಕ್ಕಿದೆ,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು.
ಸಾನ್ನಾ ಹೇಳಿದ್ದಕ್ಕಿಂತ ಕಹಿ.
ನನ್ನ ಕೊನೆಯ ತಿರುವಿನಲ್ಲಿ, ಅಕ್ಷರ ತಪ್ಪಿದ ಒಬ್ಬ
ಇನ್ನೂ ಹಗ್ಗ ಹಿಡಿಯುತ್ತಿದ್ದಾನೆ,
ಎಲ್ಲಿಯವರೆಗೆಂದು ಅವನಿಗೂ ಯಾರೂ ತಿಳಿಸಿಲ್ಲ.
ಮೇಜಿಗೆ ನೀರು ಹೊಡೆದೆ.
ಪಟ್ಟಿಯ ಮೇಲೆ ಮುಂದಿನ ಮೀನು
ಬಂತು.